ಅಪ್ಪನ ಕತ್ತರಿಯ ವಿಮಾನಯಾನ

ಅಕ್ಕಾ,

ಸುಖವಾಗಿ ತಲುಪಿದೆ. ಅಪ್ಪನ ಕತ್ತರಿಯೂ ತಲುಪಿತು, ಆದರೆ ಸ್ವಲ್ಪದರಲ್ಲಿ ಕೈತಪ್ಪುತ್ತಿತ್ತು. ದರ್ಜಿಯಾದವಳು ಕತ್ತರಿಯನ್ನು ಬೇರೆಯವರ ಕೈಗೆ ಕೊಡಬಾರದು ಅಂತ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು! ಸರ್ಕಾರಿ ವಿಮಾನದ ಕೌಂಟರಿನಲ್ಲಿ ನನ್ನ ಸೂಟ್‌ಕೇಸ್ ತೂಗಿ ಬೆಲ್ಟಿಗೆ ಹಾಕಿದ ಹುಡುಗಿ ಕೈಚೀಲದಿಂದ ಇಣುಕುತ್ತಿದ್ದ ಕತ್ತರಿಯ ಹಿಡಿಕೆ ಕಂಡು, "ಅಯ್ಯೋ ಅಮ್ಮಾ, ತಪಾಸಣೆಯವರು ಇದನ್ನ ಕಿತ್ಕೊಂಡು ಬುಟ್ಟಿಗೆ ಹಾಕ್ತಾರೆ" ಅಂದಳು. ಹಿಂದಿನವರು ಗೊಣಗುತ್ತಿದ್ದರೂ ಓಡಿಹೋಗಿ ಸೂಟ್‌ಕೇಸ್ ವಾಪಸ್ ತಂದು, ಕತ್ತರಿಯನ್ನು ಬಟ್ಟೆಗಳ ನಡುವೆ ಮಲಗಿಸಿ ಕಳಿಸಿದಳು. ಅವಳ ಹೊಟ್ಟೆ ತಣ್ಣಗಿರಲಿ.

ಕಿವಿ ಇನ್ನೂ ಗುಂಯ್ ಅನ್ನುತ್ತಿದೆ, ಮಿಕ್ಕಂತೆ ಆರಾಮ. ನಾಳೆಯಿಂದ ಕೆಲಸ.

ಒಂದೇ ಕೊರಗು. ಆ ಹುಡುಗಿಯ ಕೋಟಿನ ಗುಂಡಿ ಒಂದೆಳೆಯಲ್ಲಿ ಜೋತಾಡುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಸೂಜಿ-ದಾರವೂ ಸೂಟ್‌ಕೇಸ್ ಜೊತೆ ಹೊರಟುಹೋಗಿತ್ತು.

ನಿನ್ನ ತಂಗಿ