ಬೂಟು ಬಿಚ್ಚದ ಮಗು

ಮಾರ್ಚ್ 3. ಬೆಳಿಗ್ಗೆ

ಇವತ್ತೂ ಹಾಲು ನಾನೇ ಕಾಯಿಸಿದೆ. ಮಗಳು ಫಾರಂ ತುಂಬುತ್ತಿದ್ದಾಳೆ, ಅಳಿಯ ಉಸಿರಾಡುತ್ತಿದ್ದಾನೆ. ಫೋನು ಹೇಳಿದಾಗ ಎಳೆಯುವುದು, ಫೋನು ಹೇಳಿದಾಗ ಬಿಡುವುದು. ಒತ್ತಡ ಇಳಿಯುತ್ತದಂತೆ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸಕ್ಕೆ ಈಗ ಮೇಷ್ಟ್ರು ಬೇಕಾಯಿತು.

ಈ ನೋಟ್‌ಬುಕ್ಕೂ ಅದೇ ಬಾಬತ್ತು. ವಿಮಾನ ಹತ್ತುವ ಮುಂಚೆ ಕೌನ್ಸೆಲರ್ ಹುಡುಗಿ ಮೂವರಿಗೂ ಒಂದೊಂದು ಕೊಟ್ಟಳು. "ಅಜ್ಜಿ, ಮನಸ್ಸು ಭಾರ ಆದಾಗ ಬರೀರಿ. ಯಾರಿಗೂ ತೋರಿಸ್ಬೇಡಿ." ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕಾಗೆ ಕಾಲು ಗುಬ್ಬಿ ಕಾಲು. ಯಾರಿಗೆ ತೋರಿಸಲಿ?

ನಾಳೆ ಮಗು ಬರುತ್ತದೆ. ಈ ಪರದೇಶದ ಅನಾಥಾಲಯದ್ದು, ನಾಲ್ಕು ವರ್ಷ, ಹೆಣ್ಣು. ದತ್ತು ಕೊಡುವ ಮುಂಚೆ ಈ ಬಾಡಿಗೆ ಮನೆಯಲ್ಲಿ ಹದಿನೈದು ದಿನ ನಮ್ಮ ಜೊತೆ ಇರಬೇಕು. ಅಧಿಕಾರಿಣಿಯೊಬ್ಬಳು ಬಂದು ಬಂದು ನೋಡುತ್ತಾಳೆ. ತಾಯಿಗೆ ಹೊಂದಿಕೊಂಡಿತು ಅಂತ ಅವಳು ಬರೆದರೆ ಕೋರ್ಟು ಸಹಿ ಹಾಕುತ್ತದೆ. ಇಲ್ಲದಿದ್ದರೆ ಮಗು ವಾಪಸ್, ಅಳತೆ ಸರಿಯಾಗದ ಬಟ್ಟೆಯ ಹಾಗೆ.

ಮಗಳು ಇದಕ್ಕಾಗಿ ನಾಲ್ಕು ವರ್ಷ ಓಡಾಡಿದ್ದಾಳೆ. ಫೈಲು ನನ್ನ ಮೊಣಕಾಲೆತ್ತರ ಇದೆ. ಇನ್ನೂ ತುಂಬುತ್ತಿದ್ದಾಳೆ.

ಮಾರ್ಚ್ 4. ಸಂಜೆ

ಬಂತು. ಅಳಲಿಲ್ಲ, ನಗಲಿಲ್ಲ. ಕಾಲಿಗಿಂತ ಎರಡು ಬೆರಳು ದೊಡ್ಡದಾದ ಕೆಂಪು ಬೂಟು.

ಅಧಿಕಾರಿಣಿಯ ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ. ಫೈಲಮ್ಮ ಅನ್ನುತ್ತೇನೆ. ಸೋಫಾದ ತುದಿಯಲ್ಲಿ ಕೂತು ಮನೆಯನ್ನೆಲ್ಲ ಕಣ್ಣಲ್ಲೇ ಅಳೆದಳು. ಜೊತೆಗೊಬ್ಬ ದುಭಾಷಿ — ಬಾಡಿಗೆ ಬಾಯಿ. ಅವಳು ಹತ್ತು ಮಾತಾಡಿದರೆ ಇವನು ಎರಡು ಹೇಳುತ್ತಾನೆ. ಉಳಿದ ಎಂಟನ್ನು ಜೇಬಿಗೆ ಹಾಕಿಕೊಳ್ಳುತ್ತಾನೋ ಏನೋ.

ನಿಯಮ: ಉಣ್ಣಿಸುವುದು, ಎತ್ತಿಕೊಳ್ಳುವುದು, ಮಲಗಿಸುವುದು ಅಪ್ಪ ಅಮ್ಮ ಮಾತ್ರ.

"ಅಜ್ಜಿ ಮುಟ್ಟೋ ಹಾಗಿಲ್ಲ," ಅಂದ ಬಾಡಿಗೆ ಬಾಯಿ.

"ಯಾಕಪ್ಪಾ, ನನಗೇನು ಕಜ್ಜಿಯಾ?"

ಅದನ್ನು ಅವನು ಫೈಲಮ್ಮನಿಗೆ ಹೇಳಲಿಲ್ಲ.

ಮಾರ್ಚ್ 6. ಮಧ್ಯಾಹ್ನ

ಬೂಟು ಬಿಚ್ಚುವುದಿಲ್ಲ. ಬೂಟಿನಲ್ಲೇ ಊಟ, ಬೂಟಿನಲ್ಲೇ ನಿದ್ದೆ. ಅಳಿಯ ಫೋನು ನೋಡಿ ಹೇಳಿದ, "ಟ್ರಾಮಾ ಅಂತಾರೆ ಅತ್ತೆ ಇದಕ್ಕೆ. ನಾಲ್ಕು ಹಂತ ಇದೆಯಂತೆ."

"ಎಷ್ಟನೇ ಮೆಟ್ಟಿಲ ಮೇಲಿದೆ ಹೇಳಿ, ಇಳಿಸ್ಕೊಳ್ಳೋಣ," ಅಂದೆ.

ಮಗಳು ಇವತ್ತು ಮಹಾ ದಡ್ಡ ಕೆಲಸ ಮಾಡಿದಳು. ಮಗು ಉಂಡು ಮಲಗಿದಾಗ ಮೆಲ್ಲಗೆ ಬೂಟು ಕಳಚಿ, ಒರೆಸಿ, ಹೊರಗಿನ ಗೂಡಿನಲ್ಲಿಟ್ಟಳು. ಅದು ಎದ್ದು ಕಾಲು ನೋಡಿಕೊಂಡಿತು. ಆ ಕಿರುಚಾಟ! ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಬೂಟು ವಾಪಸ್ ಕೊಟ್ಟ ಕೈಯನ್ನೇ ಕಚ್ಚಿತು. ಈಗ ಮಗಳನ್ನು ಕಂಡರೆ ಮಂಚದ ಕೆಳಗೆ ತೂರುತ್ತದೆ.

ಇವಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ನೀರಿನ ಸದ್ದಿಗೆ ಯಾರಿಗೂ ಕೇಳಿಸದು ಅಂದುಕೊಂಡಿದ್ದಾಳೆ. ಅಷ್ಟು ಓದಿಸಿದ್ದಕ್ಕೆ ಇಷ್ಟು ಬುದ್ಧಿ.

ಮಾರ್ಚ್ 7

ನನ್ನ ಚಿಕ್ಕಂದಿನಲ್ಲಿ ನಾವು ಐದು ಜನ ಹುಡುಗಿಯರು, ಎರಡು ಜೊತೆ ಚಪ್ಪಲಿ. ಮೊದಲು ಎದ್ದವಳ ಕಾಲಿಗೆ. ಒಂದು ಸಲ ನಾನು ಹೊಸ ಜೊತೆ ಹಾಕಿಕೊಂಡೇ ವಾರವಿಡೀ ಮಲಗಿದೆ, ಅಮ್ಮ ಪೊರಕೆ ಎತ್ತುವವರೆಗೂ. ಆ ಅನಾಥಾಲಯದಲ್ಲಿ ಅರವತ್ತು ಮಕ್ಕಳಂತೆ. ಬಿಚ್ಚಿಟ್ಟರೆ ಹೋಯಿತು. ಇಷ್ಟು ತಿಳಿಯುವುದಕ್ಕೆ ನಾಲ್ಕು ಹಂತ ಬೇಕೇ?

ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಕೋಣೆಯ ಬಾಗಿಲು ತೆರೆದಿಟ್ಟು, ಚಪ್ಪಲಿ ಹಾಕಿಕೊಂಡೇ ಮಂಚದ ಮೇಲೆ ಉದ್ದಕ್ಕೆ ಮಲಗಿದೆ. ಬೂಟಮ್ಮ ಬಂದು ನಿಂತಿತು. ನನ್ನ ಕಾಲು ನೋಡಿತು, ತನ್ನ ಕಾಲು ನೋಡಿತು.

"ಏನೇ ನೋಡ್ತೀಯ? ಕೊಡಲ್ಲ," ಅಂತ ಗದರಿದೆ.

ಹತ್ತಿ ಬಂದು ಪಕ್ಕದಲ್ಲಿ ಮಲಗಿತು. ನಾನು ಮುಟ್ಟಲಿಲ್ಲ. ಅದೇ ಮುಟ್ಟಿತು. ಅದಕ್ಕೆ ನಿಯಮವಿಲ್ಲ.

ಮಾರ್ಚ್ 11

ಬರೆಯಲು ಬಿಡುವೆಲ್ಲಿ. ನಾಲ್ಕು ದಿನದಿಂದ ಬೆನ್ನು ಬಿಟ್ಟಿಲ್ಲ. ಎಲ್ಲಿ ಹೋದರೂ ಹಿಂದೆ ಟಪ್ ಟಪ್. ಮಗಳು ತಟ್ಟೆ ಹಿಡಿದರೆ ಬಾಯಿ ಬಿಗಿ. ಅದೇ ತಟ್ಟೆ ನನ್ನ ಪಕ್ಕದಲ್ಲಿಟ್ಟರೆ ಖಾಲಿ. ಬೈದಷ್ಟೂ ಹತ್ತಿರ ಬರುತ್ತದೆ, ನಾಚಿಕೆಗೆಟ್ಟದ್ದು. ಕಲಿತ ಮಾತು ಒಂದೇ: "ಕೊಡಲ್ಲ." ನೀರು ಬೇಕಾದರೂ ಕೊಡಲ್ಲ, ನಿದ್ದೆ ಬಂದರೂ ಕೊಡಲ್ಲ.

ಬೀಗಿತ್ತಿಯ ಫೋನು ಬಂತು. "ಯಾವ ದೇಶದ್ದೋ, ಯಾರ ರಕ್ತವೋ ಏನೋ..."

"ನಿಮ್ಮ ರಕ್ತ ನಿಮ್ಮ ಮಗನಲ್ಲಿ ಹರೀತಿದೆಯಲ್ಲ, ನೋಡ್ತಾನೇ ಇದ್ದೀನಿ. ಬೇರೆ ಆದ್ರೇ ಒಳ್ಳೇದು," ಅಂದೆ. ಇಟ್ಟುಬಿಟ್ಟಳು.

ಇವತ್ತು ಬ್ರೆಡ್ಡಿನ ಅಂಚು ಮುರಿದು ನನ್ನ ಬಾಯಿಗೇ ತುರುಕಿತು, "ಕೊಡಲ್ಲ" ಅನ್ನುತ್ತ. ಜೊಲ್ಲು ಹತ್ತಿದ್ದು. ತಿಂದೆ.

ಮಗಳು ನೋಡುತ್ತಿದ್ದಳು. "ನೀನೇ ದತ್ತು ತಗೊಂಡ್ಬಿಡಮ್ಮ," ಅಂದಳು. ನಕ್ಕೇ ಅಂದಳು. ಕಣ್ಣು ನಗಲಿಲ್ಲ.

ಮಾರ್ಚ್ 12. ರಾತ್ರಿ ಹನ್ನೆರಡು ಗಂಟೆ

ಫೈಲಮ್ಮ ಬಂದಿದ್ದಳು. ಮಗುವನ್ನು ಏನೋ ಕೇಳಿದಳು. ಅದು ನೆಟ್ಟಗೆ ಬಂದು ನನ್ನ ಮೊಣಕಾಲು ತಬ್ಬಿ ನಿಂತಿತು.

"ನಿನ್ನ ಅಮ್ಮ ಎಲ್ಲಿ ಅಂತ ಕೇಳಿದ್ರು," ಅಂದ ಬಾಡಿಗೆ ಬಾಯಿ. ಇದೊಂದನ್ನು ಮಾತ್ರ ಪೂರ್ತಿ ಹೇಳಿದ, ಹಾಳಾದವನು.

ಫೈಲಮ್ಮ ಬಹಳ ಹೊತ್ತು ಬರೆದಳು. ಹದಿನೆಂಟಕ್ಕೆ ಕೊನೆಯ ಭೇಟಿಯಂತೆ. ಅವತ್ತೂ ಹೀಗೇ ಇದ್ದರೆ ಮಗುವನ್ನು ಕರೆದುಕೊಂಡು ಹೋಗುತ್ತಾಳಂತೆ.

ಮಗಳು ಈ ಸಲ ನಲ್ಲಿ ಬಿಡಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಅಳಿಯ ಉಸಿರಾಡುವುದನ್ನೂ ಮರೆತು ನಿಂತಿದ್ದ.

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ. ಮನೆಯಲ್ಲಿದ್ದವರನ್ನೆಲ್ಲ ದಡ್ಡರೆಂದೆ. ಎಲ್ಲರಿಗಿಂತ ದೊಡ್ಡ ದಡ್ಡಿ ಚಪ್ಪಲಿ ಹಾಕಿಕೊಂಡು ಮಂಚದ ಮೇಲೆ ಮಲಗಿದ್ದಳು.

ಮಾರ್ಚ್ 13

ಮಗಳನ್ನು ಕೂರಿಸಿ ಹೇಳಿದೆ. "ಬೂಟು ಹಾಕ್ಕೊಂಡು ಮಲಗು."

"ಇದು ಯಾವ ಪುಸ್ತಕದಲ್ಲಿದೆ ಅಮ್ಮಾ?"

"ನಿನ್ನ ಅಜ್ಜಿ ಪೊರಕೆಯಲ್ಲಿದೆ. ಹಾಕ್ಕೊ ಅಂದ್ರೆ ಹಾಕ್ಕೊ."

"ನಿನ್ನ ಬಿಟ್ಟು ನನ್ನ ಹತ್ರ ಬರುತ್ತಾ ಅದು?"

"ನಾನು ಸಿಕ್ಕಿದ್ರೆ ತಾನೆ?"

ಕೋಣೆಗೆ ಬಂದು ಚಿಲಕ ಹಾಕಿಕೊಂಡೆ. ಅವರು ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋದಾಗ ಮಾತ್ರ ಹೊರಗೆ ಬರುತ್ತೇನೆ. ಊಟ ಅಳಿಯ ತಂದುಕೊಡಬೇಕು, ಕದ್ದು.

ಬಂತು. ತಟ್ಟಿತು. ಬೂಟುಗಾಲಲ್ಲಿ ಒದೆಯಿತು. "ಕೊಡಲ್ಲ! ಕೊಡಲ್ಲ!" ಗಂಟಲು ಹರಿಯುವ ಹಾಗೆ ಕೂಗಿತು.

ನಾನು ಬೈಯಲಿಲ್ಲ. ಬೈದರೆ ಒಳಗಿದ್ದೇನೆ ಅಂತ ತಿಳಿದುಬಿಡುತ್ತದೆ.

ಮಾರ್ಚ್ 14

ತಟ್ಟಿತು.

ಮಾರ್ಚ್ 16

ಬೆಳಿಗ್ಗೆ ಒಂದೇ ಸಲ. ಮಧ್ಯಾಹ್ನ ಇಲ್ಲ.

ಅಳಿಯ ತಟ್ಟೆ ತಂದು ಪಿಸುಗುಟ್ಟಿದ. "ಅತ್ತೆ, ಇಬ್ರೂ ಬೂಟು ಹಾಕ್ಕೊಂಡು ಮಲಗಿದ್ದಾರೆ. ಹಾಸಿಗೆಯೆಲ್ಲಾ ಮಣ್ಣು."

"ನೀವೂ ಹಾಕ್ಕೊಂಡು ಹೋಗಿ ಬಿದ್ಕೊಳ್ಳಿ. ನನ್ನ ಮುಖ ಏನು ನೋಡ್ತೀರಿ?"

ಓಡಿದ. ಫೋನು ಇಲ್ಲೇ ಮರೆತಿದ್ದಾನೆ. ಮನುಷ್ಯನಾಗುವ ಲಕ್ಷಣ.

ಅನ್ನ ಸೇರಲಿಲ್ಲ. ಮಗಳ ಅಡುಗೆಗೆ ಉಪ್ಪು ಕಡಿಮೆ. ಅದಕ್ಕೇ ಇರಬೇಕು.

ಮಾರ್ಚ್ 18. ಹತ್ತೂವರೆ

ಫೈಲಮ್ಮ ಬಂದಿದ್ದಾಳೆ. ಬಾಗಿಲಿಗೆ ಕಿವಿಯಿಟ್ಟು ಕಳ್ಳಿಯ ಹಾಗೆ ಕೂತಿದ್ದೇನೆ. ಅವಳು ಅದೇ ಪ್ರಶ್ನೆ ಕೇಳಿದಳು, ಈಗ ನನಗೂ ಆ ಸದ್ದು ಗೊತ್ತು. ಎರಡು ಸಲ ಟಪ್ ಅಂತ ನೆಲಕ್ಕೆ ಏನೋ ಬಿತ್ತು.

"ರೀ, ನೋಡ್ರೀ... ತಾನೇ ಬಿಚ್ಚಿದ್ಲು! ತಂದು ನನ್ನ ಕೈಗೇ ಕೊಟ್ಲು!" ಮಗಳ ದನಿ. ಅಳುವುದಕ್ಕೆ ಹೊತ್ತುಗೊತ್ತಿಲ್ಲ ಇವಳಿಗೆ.

ಆಯಿತು. ಇನ್ನು ಫೈಲಮ್ಮ ಬರೆಯುತ್ತಾಳೆ. ಒಂದು ಜೊತೆ ಹಳೇ ಬೂಟಿಗೆ ಎರಡು ದೇಶದ ಜನ ಸೇರಿ ಎಷ್ಟು ಕುಣಿದರಪ್ಪಾ —

ಬಾಗಿಲ ಹತ್ತಿರ ಏನೋ. ಹೆಜ್ಜೆ ಸದ್ದಿಲ್ಲ. ಕೆಳಗಿನ ಸಂದಿಯಲ್ಲಿ ಬೆರಳು ಕಾಣುತ್ತಿದೆ, ಬರಿಗಾಲು. ತಟ್ಟುತ್ತಿಲ್ಲ, ಒದೆಯುತ್ತಿಲ್ಲ. ಸಂದಿಯಿಂದ ಬ್ರೆಡ್ಡಿನ ಅಂಚೊಂದು ಒಳಗೆ ಬಂತು.

ಫೈಲಮ್ಮ ಇನ್ನೂ ಹೋಗಿಲ್ಲ. ತೆಗೆಯಬಾರದು. ಅವಳು ಎದ್ದು ಹೋಗಲಿ, ಮೆಟ್ಟಿಲಿಳಿಯಲಿ, ಆಮೇಲೆ... ಹೋಗೇ ಬೂಟಮ್ಮ, ಅಮ್ಮನ ಹತ್ರ ಹೋಗು. ನೆಲ ತಣ್ಣಗಿದೆ, ಬರಿಗಾಲಲ್ಲಿ ನಿಲ್ಲಬೇಡ, ತಡಿ —