ಖಾಲಿ ಕೈಯ ಬೇಡಿಕೆ

ಪಂಚವಟಿ, ನಾಶಿಕ
೧೯ ಜನವರಿ ೨೦೨೫

ಪ್ರೀತಿಯ ತಮ್ಮ ಉಮಾನಾಥನಿಗೆ ಅಕ್ಕ ಜಯಮಾಲಾಳ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಭಾಷಣ ಪುಸ್ತಕವಾಗುತ್ತಿದೆ, ಮುನ್ನುಡಿಯಲ್ಲಿ ನನ್ನ ಬಗ್ಗೆ ಬರೆದ ಪುಟವನ್ನು ಅಚ್ಚಿಗೆ ಕೊಡಲೇ ಎಂದು ನೀನು ಕೇಳಿ ಎಂಟು ದಿನವಾಯಿತು. ತಡವಾಯಿತೆಂದು ಸಿಟ್ಟಾಗಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಬರೆಯೋಣವೆಂದರೆ ಐದನೇ ಇಯತ್ತೆಗೆ ನಿಂತ ಓದು, ತಪ್ಪಾದೀತೆಂದು ಮೂರು ಸಲ ಹರಿದೆ.

ನಿನ್ನ ಭಾಷಣದ ದಿನದ ಗುಂಗು ಇನ್ನೂ ಇಳಿದಿಲ್ಲ. ಆಮಂತ್ರಣದ ಕಾರ್ಡಿನ ಮೇಲೆ ಮರಾಠಿಯಲ್ಲಿ 'ಮಾಗಣಿ' ಎಂದು ದಪ್ಪಗೆ ಅಚ್ಚಾಗಿತ್ತಲ್ಲ, ಅದು ಅರ್ಥಶಾಸ್ತ್ರದ ಬೇಡಿಕೆ ಎಂದು ನನಗೇನು ಗೊತ್ತು? ಇಲ್ಲಿ ಹೆಣ್ಣು ಕೇಳುವುದಕ್ಕೂ ಮಾಗಣಿ ಎನ್ನುತ್ತಾರೆ. ನಿನ್ನ ಮಗಳು ಸಾಹಿತ್ಯಳನ್ನು ಯಾರೋ ಕೇಳಿಬಂದಿದ್ದಾರೆಂದು ಪೇಢೆ ಡಬ್ಬಿ ಹಿಡಿದು ನಿನ್ನೂರು ಸಂಭಾಜಿನಗರದ ಬಸ್ಸು ಹತ್ತಿದೆ. ಸಭಾಗೃಹದ ಬಾಗಿಲಲ್ಲಿ ಸಾಹಿತ್ಯಳೇ ನಕ್ಕು, "ಅತ್ತಿ, ನನ್ನ ಲಗ್ನ ಅಲ್ಲ. ಪಪ್ಪಾ ಅರ್ಥಶಾಸ್ತ್ರದವರ ಸಂಗಟ ಜಗಳಾ ತೆಗಿಲತ್ತಾರ" ಎಂದಳು.

ಕಥೆ ಕವಿತೆಯ ವಿಮರ್ಶೆ ಮಾಡುವವನು ಅವರ ಪುಸ್ತಕಕ್ಕೆ ಕೈ ಹಾಕಿದರೆ ನೌಕರಿಗೆ ಕುತ್ತು ಬಂದೀತೆಂದು ಅಲ್ಲೇ ಹತ್ತಿರದ ವೇರೂಳದ ದೇವರಿಗೆ ಹರಕೆ ಹೊತ್ತೆ. ನೀನು ಅವರ ಪಠ್ಯವನ್ನು ಕಥೆಯ ಹಾಗೆ ಓದಿ, ಇದರಲ್ಲಿ ದುಡ್ಡಿದ್ದವನ ಆಸೆಯಷ್ಟೇ ಬೇಡಿಕೆ, ಹಸಿದವನಿಗೆ ಪಾತ್ರವೇ ಇಲ್ಲ ಎಂದೆ. ಮುಂದಿನ ಸಾಲಿನಿಂದ ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಎದ್ದು, ಬರೀ ಆಸೆಯನ್ನು ಯಾವ ಮಾಪಿನಿಂದ ಅಳೆಯುತ್ತೀರಿ ಎಂದರು. ನೀನು ಮರಾಠಿ ಬಿಟ್ಟು ನಮ್ಮ ತವರು ಭಾಲ್ಕಿಯ ಮಾತಿಗೆ ಬಂದೆ.

"ನಮ್ಮ ಕಡಿ ಬೇಡಾಂವ ಅಂದ್ರ ಖಾಲಿ ಕೈಯಾಂವ. ಅವನ ಶಬ್ದ ಕಸಗೊಂಡು ತುಂಬಿದ ಕೈಯವ್ರಿಗಿ ಕೊಟ್ಟೀರಿ, ಸರ್."

ಅದನ್ನೇ ಮರಾಠಿಯಲ್ಲಿ ಹೇಳಿದಾಗ ಎಂಥ ಚಪ್ಪಾಳೆ! ಪ್ರಾಧ್ಯಾಪಕರೂ ತಟ್ಟಿದರು. ಪೇಢೆ ಡಬ್ಬಿ ಬಿಚ್ಚಿ ಸಾಲಿಗೆಲ್ಲ ಹಂಚಿದೆ. ನಿನ್ನ ಭಾವನವರಿಗೆ ಇದನ್ನು ನಾಲ್ಕು ಸಲ ಹೇಳಿದ್ದೇನೆ. ಐದನೆಯ ಸಲಕ್ಕೆ ಟಿಕೀಟು ಇಡು ಎನ್ನುತ್ತಾರೆ.

ಅಂದು ನಿನ್ನ ಗಂಟಲು ಕೂತಿತ್ತು, ಬಿಸಿನೀರು ಕುಡಿ. ಆ ಪ್ರಾಧ್ಯಾಪಕರೊಂದಿಗೆ ಹಗೆ ಬೇಡ. ನಿನ್ನ ಮಾತಿಗೆ ಬಲ ಬರಲಿ, ಮನೆ ತುಂಬ ಸುಖವಿರಲಿ.

ನಿನ್ನ ಅಕ್ಕ,
ಜಯಮಾಲಾ

ತಾ.ಕ.: ಪುಟ ಅಚ್ಚಾಗಲಿ, ಒಂದು ಸಾಲು ತಿದ್ದು. 'ನನ್ನನ್ನು ಬೆಳೆಸಲು ಶಾಲೆ ಬಿಟ್ಟ ಅಕ್ಕ ಎಂದೂ ಏನನ್ನೂ ಬೇಡಲಿಲ್ಲ' ಎಂದು ಬರೆದಿದ್ದೀಯ. ಬೇಡಿದ್ದೆ, ಉಮಾ. ಅವ್ವ ಹಾಸಿಗೆ ಹಿಡಿದ ವರ್ಷ, ನಿನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಶಾಲೆಯ ವರ್ಗದಲ್ಲಿ ಕೂಡುತ್ತೇನೆಂದು ಅಪ್ಪನ ಕಾಲು ಹಿಡಿದಿದ್ದೆ. ನಾಲ್ಕು ದಿನ ಕೇಳಿದೆ. ಹುಡುಗಿಗೆ ಓದುವ ಆಸೆಯಿಲ್ಲ ಎಂದು ಮಾಸ್ತರರಿಗೆ ಹೇಳಿ ಅಪ್ಪ ಹೆಸರು ತೆಗೆಸಿದರು.