ಹಾಸಿಗೆಯ ಹಿಂದೆ ಬಂದ ಅಜ್ಜ

ಪ್ರೀತಿಯ ಅಕ್ಕನಿಗೆ,

ನನ್ನ ಕೆಮ್ಮು ಪೂರ್ತಿ ಬಿಟ್ಟಿದೆ, ಚಿಂತೆ ಮಾಡಬೇಡ. ಊರಿನ ಕಸವನ್ನೆಲ್ಲ ಸುಟ್ಟು, ಆ ಬಿಸಿಗೆ ನೀರು ಕಾಯಿಸಿ, ಹಬೆಯಿಂದ ಕರೆಂಟು ಮಾಡುವ ಕಾರ್ಖಾನೆ ಇದು. ನಾನು ಮೇಲೆ ಗಾಜಿನ ಕೋಣೆಯಲ್ಲಿ ಕೂತು, ಕ್ರೇನಿನಿಂದ ಕಸ ಎತ್ತಿ ಕುಲುಮೆಯ ಬಾಯಿಗೆ ಹಾಕುತ್ತೇನೆ. ವಾಸನೆ ಅಲ್ಲಿಗೆ ಬರುವುದಿಲ್ಲವೆಂದು ಭಾವನಿಗೆ ಹೇಳು.

ಇವತ್ತು ಕಸದ ಲಾರಿಯ ಹಿಂದೆಯೇ ಒಬ್ಬ ಅಜ್ಜ ಸೈಕಲ್ ತುಳಿದುಕೊಂಡು ಬಂದರು. ತೀರಿಕೊಂಡ ಹೆಂಡತಿ ವರ್ಷಗಟ್ಟಲೆ ಮಲಗಿದ್ದ ಹಾಸಿಗೆ ಆ ಲಾರಿಯಲ್ಲಿತ್ತಂತೆ. ಮೇಸ್ತ್ರಿ ಅವರನ್ನು ನನ್ನ ಕೋಣೆಗೇ ಕರೆತಂದ.

"ವಾಪಸ್ ಬೇಡಮ್ಮಾ, ಹರಿದುಹೋಗಿತ್ತು. ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಕಿತ್ತು, ಅಷ್ಟೆ," ಎಂದರು.

ಲಾರಿ ಸುರಿದ ರಾಶಿಯ ಮೇಲೇ ಅವರು ಬೆರಳು ತೋರಿಸಿದ ನೀಲಿ ಪಟ್ಟೆಯ ಹಾಸಿಗೆ ಕಾಣುತ್ತಿತ್ತು. ಬೇರೆ ಕಸ ಸೇರಿಸದೆ ಅದೊಂದನ್ನೇ ಎತ್ತಿದೆ. ಬೇರೆ ಕಸವನ್ನಾದರೆ ಎತ್ತರದಿಂದಲೇ ದೊಪ್ಪನೆ ಬಿಡುತ್ತೇವೆ. ಇದನ್ನು ಮಾತ್ರ ನಿದ್ದೆಹೋದ ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಕುಲುಮೆಯ ಬಾಯಿಗೆ ಇಳಿಸಿದೆ. ಅಜ್ಜ ಗಾಜಿಗೆ ಅಂಗೈ ಒತ್ತಿಕೊಂಡು ನೋಡುತ್ತಿದ್ದರು.

"ಅದರಿಂದ್ಲೂ ಕರೆಂಟ್ ಬರುತ್ತಾ?"

"ಬರುತ್ತೆ ಅಜ್ಜ. ನಿಮ್ಮ ಮನೆಗೂ ಬರುತ್ತೆ."

ಅವರು ಕಣ್ಣೊರೆಸಿಕೊಂಡು ನಕ್ಕರು. "ಹಾಗಾದ್ರೆ ಇವತ್ತು ಎಲ್ಲಾ ಕೋಣೆಗೂ ಲೈಟ್ ಹಾಕ್ತೀನಿ. ಅವಳಿದ್ದಿದ್ರೆ, ಸುಮ್ಸುಮ್ನೆ ಯಾಕ್ರೀ ಉರಿಸ್ತೀರಿ ಅಂತ ಬೈಯೋಳು."

ಮೆಟ್ಟಿಲಿಳಿಯುವಾಗ ಆಸರೆಗೆಂದು ಕೈಕೊಟ್ಟೆ. ಗೇಟು ದಾಟುವವರೆಗೂ ಅವರು ಅದನ್ನು ಬಿಡಲಿಲ್ಲ ಅಕ್ಕಾ.

ಕಾರ್ಡಿನಲ್ಲಿ ಜಾಗ ಮುಗಿಯಿತು, ಕೆಳಗೆ ಲಾರಿಗಳು ಹಾರನ್ ಹೊಡೆಯುತ್ತಿವೆ.

ನಿನ್ನ ತಂಗಿ